ಕೆಳಗಿನ ಮನೆಯಲ್ಲಿ ಕೇಳಿಸಿದ ಮೃದಂಗ

ನಾನು ಮೃದಂಗ ಕಲಿಯಲು ಶುರು ಮಾಡಿದ್ದು 44ನೇ ವಯಸ್ಸಿನಲ್ಲಿ. ಆಸೆ ಹುಟ್ಟಿದ್ದು ಮಾತ್ರ ಎಂಟೋ ಒಂಬತ್ತೋ ವರ್ಷದವಳಿದ್ದಾಗ. ರಾಮನವಮಿ ಕಛೇರಿ ಕೇಳೋಕೆ ಅಪ್ಪ ನನ್ನನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದರೆ ನಾನು ಮೃದಂಗದವರ ಕೈಯನ್ನೇ ನೋಡುತ್ತಾ ಕೂರುತ್ತಿದ್ದೆ. ಹಾಡು ನಿಂತು ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಶುರುವಾದಾಗ ಜನ ಕಾಫಿಗೆ ಎದ್ದು ಹೋಗುತ್ತಿದ್ದರು. ನಾನು ಅಪ್ಪನ ಶರಟು ಹಿಡಿದು ಎಳೆದು ಕೂರಿಸುತ್ತಿದ್ದೆ.

ಕಲೀತೀನಿ ಅಂದಾಗ ಅಜ್ಜಿ ಒಪ್ಪಲಿಲ್ಲ. ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ, ವೀಣೆ ಕಲಿ ಅಂದರು. ಎರಡು ವರ್ಷ ವೀಣೆ ಕಲಿತೆ, ಆಮೇಲೆ ಬಿಟ್ಟೆ. ಬೆಂಗಳೂರಿನಲ್ಲೇ ಸುಕನ್ಯಾ ರಾಮಗೋಪಾಲ್ ಅವರು ಮಣ್ಣಿನ ತಾಳವಾದ್ಯ ಘಟ ನುಡಿಸುವುದನ್ನು ಎಷ್ಟೋ ವರ್ಷಗಳ ನಂತರ ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಆ ಆಸೆ ಒಳಗೇ ಉಳಿದುಕೊಂಡಿತ್ತು. ಮಗಳು ಪಿಯುಸಿಗೆ ಸೇರಿದ ವರ್ಷ ಹನುಮಂತನಗರದಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗಲು ಶುರು ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಪಾಠ. ಉಳಿದ ಆರು ದಿನ ಮನೆಯಲ್ಲಿ ಸಾಧನೆ.

ತೊಂದರೆ ಶುರುವಾಗಿದ್ದು ಆ ಆರು ದಿನಗಳಿಂದ.

ನಮ್ಮದು ಉತ್ತರಹಳ್ಳಿ ಕಡೆ ಒಂದು ಅಪಾರ್ಟ್‌ಮೆಂಟ್. ನಾಲ್ಕು ಮಹಡಿ, ನಾವಿರುವುದು ಮೂರನೆಯದರಲ್ಲಿ. ಸಂಜೆ ನಾಲ್ಕರಿಂದ ಏಳರ ತನಕ ನಾನು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಹಾಗಾಗಿ ಸಾಧನೆಗೆ ನನಗೆ ಸಿಗುತ್ತಿದ್ದದ್ದು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು. ಯಜಮಾನರು ಆಫೀಸಿಗೆ, ಮಗಳು ಕಾಲೇಜಿಗೆ. ತಿಂಡಿ ಪಾತ್ರೆ ತೊಳೆದಿಟ್ಟು, ಬೆಡ್‌ರೂಮಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದೆ. ಆ ಹೊತ್ತಿಗೆ ಇಡೀ ಕಟ್ಟಡ ಖಾಲಿ, ಯಾರಿಗೂ ತೊಂದರೆ ಇಲ್ಲ ಅಂದುಕೊಂಡಿದ್ದೆ.

ಮೊದಲ ಪಾಠಗಳು ಹೇಗಿರುತ್ತವೆ ಅಂತ ಕಲಿತವರಿಗೆ ಗೊತ್ತು. ತ, ದಿ, ತೊಂ, ನಂ. ಈ ನಾಲ್ಕೇ. ಮೊದಲನೇ ಕಾಲ, ಎರಡನೇ ಕಾಲ, ಮೂರನೇ ಕಾಲ, ಒಂದೊಂದು ಕಾಲಕ್ಕೂ ವೇಗ ದುಪ್ಪಟ್ಟು. ಒಂದು ಪಾಠವನ್ನು ದಿನಕ್ಕೆ ನೂರು ಸಲವಾದರೂ ನುಡಿಸಬೇಕು. ತಪ್ಪಿದರೆ ನಿಲ್ಲಿಸಿ ಮತ್ತೆ ಮೊದಲಿಂದ. ಬೆರಳು ಊದಿಕೊಳ್ಳುತ್ತೆ, ಮಂಡಿ ಹಿಡಿದುಕೊಳ್ಳುತ್ತೆ. ಆದರೂ ಒಂದೊಂದು ದಿನ 'ನಂ' ಸರಿಯಾಗಿ ಶ್ರುತಿಗೆ ಕೂತು ಗುಂಯ್ ಅಂತ ಎದ್ದುಬಿಟ್ಟರೆ ಆ ದಿನವೆಲ್ಲ ಸಂತೋಷ.

ಮೂರು ತಿಂಗಳು ಹೀಗೇ ನಡೆಯಿತು. ಒಂದು ದಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡನೇ ಮಹಡಿಯಿಂದ ಒಂದು ಮೆಸೇಜು ಬಂತು. "ಹಗಲು ಹೊತ್ತು ಡ್ರಮ್ ಬಾರಿಸುವವರು ದಯವಿಟ್ಟು ಸ್ವಲ್ಪ ಮೆಲ್ಲಗೆ ಬಾರಿಸಿ." ಹೆಸರು ಹೇಳಿರಲಿಲ್ಲ. ಆದರೆ ನಮ್ಮ ಕಟ್ಟಡದಲ್ಲಿ ಬಾರಿಸುವವಳು ನಾನೊಬ್ಬಳೇ.

ನನಗೆ ಸಿಟ್ಟು ಬಂತು. ಅದು ಡ್ರಮ್ ಅಲ್ಲ, ಮೃದಂಗ ಅನ್ನುವ ಸಿಟ್ಟು ಒಂದು. ಇಷ್ಟು ವರ್ಷ ಕಾದು ಈಗ ಶುರು ಮಾಡಿದ್ದಕ್ಕೂ ಅಡ್ಡಿಯಾ ಅನ್ನುವ ಸಿಟ್ಟು ಇನ್ನೊಂದು. ಕೂತು ನಿಯಮ ಹುಡುಕಿದೆ. ಶಬ್ದ ಮಾಲಿನ್ಯದ ಬಗ್ಗೆ ಕೇಂದ್ರ ಸರ್ಕಾರ 2000ದಲ್ಲಿ ತಂದ ನಿಯಮಗಳಿವೆ. ಅದರ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಜನ ವಾಸ ಮಾಡುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ನಾನು ನುಡಿಸುತ್ತಿದ್ದದ್ದು ಬೆಳಿಗ್ಗೆ ಹತ್ತೂವರೆಗೆ, ಬಾಗಿಲು ಹಾಕಿಕೊಂಡು, ಮೈಕಿಲ್ಲದೆ. ಅದನ್ನೇ ಗ್ರೂಪಿನಲ್ಲಿ ಬರೆದೆ. ಕಟ್ಟುನಿಟ್ಟಿನ ನಿರ್ಬಂಧ ಇರುವುದು ರಾತ್ರಿ ಹತ್ತರಿಂದ ಆರರ ತನಕ, ನಾನು ಹಗಲಲ್ಲಿ ಸಾಧನೆ ಮಾಡುತ್ತಿದ್ದೇನೆ, ಧನ್ಯವಾದ. ನಾಲ್ಕೈದು ಜನ ಹೆಬ್ಬೆರಳು ಎತ್ತಿದರು. ಎರಡನೇ ಮಹಡಿಯಿಂದ ಉತ್ತರ ಬರಲಿಲ್ಲ.

ಆ ಮೆಸೇಜು ಹಾಕಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಒಂದು ವಾರ ಕಳೆದಿರಬೇಕು. ಕೆಳಗಿನ ಮನೆಗೆ ಬರಬೇಕಿದ್ದ ಒಂದು ಕೊರಿಯರ್ ನಮ್ಮ ಮನೆಗೆ ಬಂತು. ಕೊಟ್ಟು ಬರೋಣ ಅಂತ ಇಳಿದು ಹೋದೆ. ಬೆಲ್ ಒತ್ತಲು ಕೈ ಎತ್ತಿದವಳು ಹಾಗೇ ನಿಂತೆ. ಬೆಲ್ ಸ್ವಿಚ್ಚಿನ ಮೇಲೆ ನೋಟ್‌ಬುಕ್ಕಿನಿಂದ ಹರಿದ ಒಂದು ಚೂರು ಕಾಗದ ಅಂಟಿಸಿತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಎರಡೆರಡು ಸಲ ತಿದ್ದಿ ಬರೆದಿತ್ತು: "ನೈಟ್ ಡ್ಯೂಟಿ. ಬೆಲ್ ಮಾಡಬೇಡಿ." ಟೇಪಿನ ಅಂಚು ಹಳದಿಯಾಗಿ, ಧೂಳು ಹಿಡಿದು ಕಪ್ಪಗಾಗಿತ್ತು. ಆ ಕಾಗದ ನಿನ್ನೆ ಮೊನ್ನೆ ಅಂಟಿಸಿದ್ದಲ್ಲ.

ಎರಡು ವರ್ಷದಿಂದ ಒಂದೇ ಮೆಟ್ಟಿಲಲ್ಲಿ ಹತ್ತಿ ಇಳಿಯುತ್ತಿದ್ದೇವೆ. ಆ ಮನೆಯಲ್ಲಿ ಒಬ್ಬ ಹುಡುಗಿ, ಅವಳ ತಾಯಿ ಇರುತ್ತಾರೆ ಅಂತ ಗೊತ್ತಿತ್ತು. ಅವಳು ನರ್ಸ್ ಅಂತ ಗೊತ್ತಿರಲಿಲ್ಲ. ಕೊರಿಯರನ್ನು ಬಾಗಿಲ ಪಕ್ಕ ಇಟ್ಟು, ಸದ್ದು ಮಾಡದೆ ಮೇಲೆ ಬಂದೆ. ಗಂಟೆ ಹತ್ತೂಕಾಲು. ಆ ದಿನ ಮೃದಂಗ ಮುಟ್ಟಲಿಲ್ಲ.

ಮಾರನೆಯ ದಿನ ಸಂಜೆ ಟ್ಯೂಷನ್ ಮುಗಿಸಿ ಮತ್ತೆ ಇಳಿದು ಹೋದೆ. ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು ಮಾಡಿದ್ದೆ. ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಅವಳ ತಾಯಿ ಬಾಗಿಲು ತೆಗೆದರು. ಹಾಸನದ ಕಡೆಯವರು. ನಾನು ಯಾರು ಅಂತ ಹೇಳಿದ ತಕ್ಷಣ ಅವರಿಗೇ ಮುಜುಗರವಾಯಿತು. "ನಮ್ ಹುಡ್ಗಿ ಏನೋ ಬರ್ದ್‌ಬಿಟ್ಲು, ನೀವು ಬೇಜಾರ್ ಮಾಡ್ಕಬೇಡಿ ಕಣಮ್ಮ" ಅಂದರು. ಕ್ಷಮೆ ಕೇಳೋಕೆ ಬಂದವಳು ನಾನು. ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾರೆ.

ಹುಡುಗಿ ಡ್ಯೂಟಿಗೆ ಹೊರಡುತ್ತಿದ್ದಳು. ತಲೆ ಬಾಚಿಕೊಳ್ಳುತ್ತಲೇ ಮಾತಾಡಿದಳು. ತಿಂಗಳಲ್ಲಿ ಒಂದು ವಾರ, ಕೆಲವೊಮ್ಮೆ ಹತ್ತು ದಿನ ನೈಟ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಮನೆಗೆ ಬಂದು, ಸ್ನಾನ ಮಾಡಿ, ತಿಂಡಿ ತಿಂದು ಮಲಗುವ ಹೊತ್ತಿಗೆ ಹತ್ತು ಗಂಟೆ. ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ನನ್ನ ಸಾಧನೆ.

"ಅಕ್ಕಾ, ನೀವು ನುಡಿಸೋದು ನಂಗೆ ಮೃದಂಗ ಅಂತಾನೇ ಗೊತ್ತಾಗಿರ್ಲಿಲ್ಲ. ಗುಂ ಗುಂ ಅನ್ನೋದಷ್ಟೇ ಬರತ್ತೆ. ಎದೆ ಮೇಲೆ ಯಾರೋ ತಟ್ಟಿದ ಹಾಗೆ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದಳು. "ನೀವು ನಿಲ್ಸಿದಾಗ ಇನ್ನೂ ಕಷ್ಟ ಅಕ್ಕಾ. ಮುಗೀತಾ, ಮತ್ತೆ ಶುರು ಆಗತ್ತಾ ಅಂತ ಕಾಯ್ತಾನೇ ಇರ್ತೀನಿ. ಅಷ್ಟರಲ್ಲಿ ನಿದ್ದೆ ಹೋಗಿರತ್ತೆ."

ಅದು ನನ್ನ ಮನಸ್ಸಿಗೆ ನಾಟಿತು. ನಾನು ನಿಲ್ಲಿಸುತ್ತಿದ್ದದ್ದು ತಪ್ಪಿದಾಗ. ದಿನಕ್ಕೆ ಐವತ್ತು ಸಲ ತಪ್ಪುತ್ತಿದ್ದೆ. ಅಂದರೆ ಐವತ್ತು ಸಲ ಆ ಹುಡುಗಿ ಕಣ್ಣು ಮುಚ್ಚಿಕೊಂಡು ಮುಂದಿನ ಏಟಿಗೆ ಕಾದಿದ್ದಾಳೆ. ಕಛೇರಿಗೆ ಬರುವವರು ಕೇಳೋಕೆ ಅಂತಲೇ ಬರುತ್ತಾರೆ, ಅವರಿಗೆ ಆದಿಯೂ ಇದೆ, ಮುಕ್ತಾಯವೂ ಇದೆ. ಪಕ್ಕದ ಮನೆಯವರಿಗೆ ಸಿಗುವುದು ಸಾಧನೆ. ಅದರಲ್ಲಿ ಅದೇ ತುಣುಕು, ಅದೇ ತಪ್ಪು, ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ಲದ ಕಾಯುವಿಕೆ. ಸಂಗೀತ ಅಂದರೆ ಯಾರಿಗೆ ತಾನೇ ಇಷ್ಟ ಇಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ನಾನು ಅವಳನ್ನು ಒಂದು ಕೇಳಿಕೊಂಡೆ. ನಿನಗೆ ರಜ ಇರುವ ದಿನ ನಿನ್ನ ರೂಮಿನಲ್ಲಿ ಹತ್ತು ನಿಮಿಷ ಕೂತು ಕೇಳಬಹುದಾ ಅಂತ. ಅವಳಿಗೆ ಆಶ್ಚರ್ಯ ಆಯಿತು. ಬನ್ನಿ ಅಕ್ಕಾ ಅಂದಳು.

ಆ ಗುರುವಾರ ಮಗಳನ್ನು ಮೇಲೆ ಕೂರಿಸಿದೆ. ಅವಳಿಗೆ ಮೃದಂಗ ಬರಲ್ಲ, ಆದರೆ ಎಲ್ಲಿ ಹೊಡೆದರೆ ಯಾವ ಸದ್ದು ಅಂತ ನೋಡಿ ನೋಡಿ ಗೊತ್ತು. ಫೋನ್ ಕಿವಿಗಿಟ್ಟುಕೊಂಡು ನಾನು ಕೆಳಗಿನ ಮನೆಯ ಬೆಡ್‌ರೂಮಿಗೆ ಹೋದೆ. ನಮ್ಮ ಬೆಡ್‌ರೂಮಿನ ಕೆಳಗೆ ಅವರದೂ ಬೆಡ್‌ರೂಮೇ. ಒಂದೇ ನಕ್ಷೆ, ಒಂದರ ಮೇಲೊಂದು. ನಾನು ಚಾಪೆ ಹಾಸುವ ಜಾಗದ ನೇರ ಕೆಳಗೆ ಅವಳ ಮಂಚದ ತಲೆದೆಸೆ. ಮಲಗಿ ಅಕ್ಕಾ, ಮಲಗಿದ್ರೇ ಗೊತ್ತಾಗೋದು ಅಂದಳು. ಮಲಗಿದೆ.

ಮೊದಲು ಬಲಗಡೆ ಮಾತ್ರ ಹೊಡಿ ಅಂದೆ. ಏನೂ ಇಲ್ಲ. ಹೊಡೀತಿದೀಯಾ ಅಂತ ಕೇಳಿದೆ, ಹೊಡೀತಾನೇ ಇದೀನಮ್ಮ ಅಂದಳು. ಕಿವಿಗೊಟ್ಟರೆ ಎಲ್ಲೋ ದೂರದಲ್ಲಿ ಟಿಕ್ ಟಿಕ್. ಫ್ಯಾನಿನ ಸದ್ದೇ ಅದಕ್ಕಿಂತ ಜಾಸ್ತಿ. ಈಗ ಎಡಗಡೆ ಅಂದೆ. ಗುಂ. ಸೂರಿನಿಂದ ಬಂತು ಅಂತ ಹೇಳಲಾಗದು, ಗೋಡೆಯಿಂದ ಬಂತು ಅಂತಲೂ ಹೇಳಲಾಗದು. ದಿಂಬಿನೊಳಗಿನಿಂದ ಬಂದ ಹಾಗಿತ್ತು. ಅದರಲ್ಲಿ ನಾದ ಇಲ್ಲ, ಶ್ರುತಿ ಇಲ್ಲ. ನಾನು ತಿಂಗಳುಗಟ್ಟಲೆ ಬೆರಳು ನೋಯಿಸಿಕೊಂಡು ತಂದುಕೊಂಡ 'ನಂ' ಅಲ್ಲಿಗೆ ತಲುಪಿರಲೇ ಇಲ್ಲ. ತಲುಪಿದ್ದು ಗುದ್ದು ಮಾತ್ರ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. ಅಂಕಿ 55ರ ಹತ್ತಿರಕ್ಕೂ ಹೋಗಲಿಲ್ಲ. ಲೆಕ್ಕದಲ್ಲಿ ನಾನು ಸರಿಯಾಗಿಯೇ ಇದ್ದೆ. ಡೆಸಿಬಲ್ ಅಳೆಯುವ ಸಾಮಾನ್ಯ ವಿಧಾನ ತಗ್ಗು ಸ್ವರಗಳಿಗೆ ಕಡಿಮೆ ತೂಕ ಕೊಡುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಗೋಡೆ, ಸ್ಲ್ಯಾಬ್ ದಾಟಿ ಬರುವುದು ಅದೇ ತಗ್ಗು ಸದ್ದು.

ಇನ್ನೇನು ಏಳಬೇಕು, ಅಷ್ಟರಲ್ಲಿ ಮೇಲಿಂದ ಕರ್ರ್ ಅಂತ ಒಂದು ಸದ್ದು. ಬೆಚ್ಚಿಬಿದ್ದೆ. "ಇದೇನು?" ಅಂದೆ. "ಅದು ದಿನಾ ಬರತ್ತೆ ಅಕ್ಕಾ, ನೀವು ಮುಗಿಸಿದ ಮೇಲೆ" ಅಂದಳು. ಮಗಳು ಕಬ್ಬಿಣದ ಕುರ್ಚಿ ಎಳೆದಿದ್ದಳು. ಚಾಪೆಗೆ ಜಾಗ ಮಾಡಲು ನಾನು ದಿನಾ ಎಳೆಯುವ ಕುರ್ಚಿ. ಮೃದಂಗಕ್ಕಿಂತ ಅದೇ ಜೋರಾಗಿತ್ತು. ಅವತ್ತೇ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕುರ್ಚಿ ಕಾಲಿಗೆ ರಬ್ಬರ್ ಬುಷ್ ತಂದು ಹಾಕಿದೆ. ನಾಲ್ಕು ಕಾಲಿನ ಆ ಕೆಲಸಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಮೃದಂಗದ ಕೆಲಸ ಅಷ್ಟು ಸುಲಭದ್ದಾಗಿರಲಿಲ್ಲ.

ಮೊದಲು ಮಾಡಿದ್ದು ದಂಡದ ಕೆಲಸ. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ನೋಡಿದ್ದೆನಲ್ಲ ಅಂತ, ಕಪ್ಪು ಫೋಮ್ ಹಾಳೆಗಳನ್ನು ತರಿಸಿ ಗೋಡೆಗೆ ಅಂಟಿಸಿದೆ. ರೂಮಿನೊಳಗೆ ಸದ್ದು ಮೆತ್ತಗಾಯಿತು, ಗುಂಯ್ ಅನ್ನುವ ಪ್ರತಿಧ್ವನಿ ಹೋಯಿತು. ಕೆಳಗೆ ಕೇಳಿದರೆ ಯಾವ ವ್ಯತ್ಯಾಸವೂ ಇಲ್ಲ. ಫೋಮ್ ಆಗಲಿ ಮೊಟ್ಟೆ ಟ್ರೇ ಆಗಲಿ ಮಾಡುವುದಿಷ್ಟೇ, ರೂಮಿನೊಳಗೆ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದನ್ನು ತಗ್ಗಿಸುವುದು. ಸದ್ದು ಹೊರಗೆ ಹೋಗದ ಹಾಗೆ ತಡೆಯಬೇಕಾದರೆ ತೂಕ ಬೇಕು, ಸಂದುಗಳೆಲ್ಲ ಮುಚ್ಚಿರಬೇಕು. ತಗ್ಗು ಸದ್ದಿಗೆ ಅದೂ ಸಾಲದು. ದುಡ್ಡು ಹಾಕುವ ಮೊದಲು ಯಾರಾದರೂ ನನಗೆ ಇದನ್ನು ಹೇಳಿದ್ದರೆ ಚೆನ್ನಾಗಿತ್ತು, ಅದಕ್ಕೇ ಇಲ್ಲಿ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಟೆರೇಸಿಗೆ ಹೋಗಿ ನೋಡಿದೆ. ಅಲ್ಲಿ ಗೋಡೆಯೇ ಇಲ್ಲ, ಸುತ್ತಲಿನ ನಾಲ್ಕು ಕಟ್ಟಡಕ್ಕೂ ಕೇಳುತ್ತೆ. ಮೇಲಾಗಿ ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುತ್ತೆ. ಕೆಳಗಿನ ಪಾರ್ಕಿಂಗಿನಲ್ಲಿ ಕೂತರೆ ಬಾವಿಯೊಳಗೆ ಕೂತ ಹಾಗೆ. ಎರಡನ್ನೂ ಬಿಟ್ಟೆ.

ಗುಣ ಕಂಡದ್ದು ಜಾಗ ಬದಲಾಯಿಸಿದ್ದರಿಂದ. ಮನೆಯ ಆ ಕೊನೆಯಲ್ಲಿ ಅಡುಗೆಮನೆಯ ಪಕ್ಕ ಊಟದ ಜಾಗವಿದೆ. ಅದರ ಕೆಳಗೆ ಅವರ ಊಟದ ಜಾಗ, ಅಲ್ಲಿ ಯಾರೂ ಮಲಗುವುದಿಲ್ಲ. ಅಲ್ಲಿಗೆ ಹೋದೆ. ಬರೀ ಚಾಪೆಯ ಬದಲು ಕೆಳಗೆ ಜಿಮ್‌ಗಳಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟು, ಅದರ ಮೇಲೆ ಹಳೆಯ ಹತ್ತಿ ಹಾಸಿಗೆ ಮಡಿಸಿ ಹಾಕಿ, ಮೇಲೊಂದು ಜಮಖಾನ. ಮೃದಂಗದ ಒಂದು ತುದಿ ಪಾದದ ಮೇಲೆ ಒರಗಿರುತ್ತೆ, ಪಾದ ನೆಲಕ್ಕೆ ತಾಗಿರುತ್ತೆ. ನೆಲಕ್ಕೂ ನನಗೂ ನಡುವೆ ಮೆತ್ತಗಿನದೇನಾದರೂ ಇದ್ದರೆ ನೆಲಕ್ಕೆ ಇಳಿಯುವ ಅದುರು ಕಡಿಮೆಯಾಗುತ್ತೆ. ಹಾಸಿಗೆ ತೀರ ಮೆತ್ತಗಿದ್ದರೆ ಕೂತಲ್ಲಿ ಹುದುಗಿ ಬೆನ್ನು ನೋಯುತ್ತೆ, ಹಾಗಾಗಿ ಹಳೇ ಗಟ್ಟಿ ಹಾಸಿಗೆಯೇ ಬೇಕು. ಮಗಳನ್ನು ಮತ್ತೆ ಕೂರಿಸಿ, ಮತ್ತೆ ಆ ಮಂಚದ ಮೇಲೆ ಮಲಗಿ ಕೇಳಿದೆ. ಗುಂ ಹೋಗಿರಲಿಲ್ಲ, ಆದರೆ ಹುಡುಕಿದರೆ ಮಾತ್ರ ಸಿಗುವಷ್ಟಾಗಿತ್ತು. ಎಚ್ಚರ ಇರುವವರಿಗೆ ಪರವಾಗಿಲ್ಲ, ಮಲಗುವವರಿಗೆ ಇನ್ನೂ ತೊಂದರೆಯೇ ಅಂದಳು. ಆ ಹುಡುಗಿ ಹಾಗೆ ನೇರವಾಗಿ ಹೇಳಿದ್ದು ನನಗೆ ದೊಡ್ಡ ಉಪಕಾರ. ಪರವಾಗಿಲ್ಲ ಬಿಡಿ ಅಕ್ಕಾ ಅಂದಿದ್ದರೆ ಕೆಲಸ ಅಲ್ಲಿಗೇ ನಿಂತುಹೋಗುತ್ತಿತ್ತು.

ಭಾನುವಾರ ಮೇಷ್ಟ್ರಿಗೆ ಎಲ್ಲಾ ಹೇಳಿದೆ. ಅವರದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ, ಸುತ್ತ ಒಂದಿಷ್ಟು ಜಾಗ. ಅವರಿಗೆ ಈ ಕಷ್ಟ ಬಂದಿಲ್ಲ. ಆದರೂ ಗಮನ ಕೊಟ್ಟು ಕೇಳಿದರು. "ರವೆ ಹಾಕದೆ ನುಡಿಸಿ ನೋಡಿ" ಅಂದರು.

ಮೃದಂಗ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಬಲಗಡೆಯ ಚರ್ಮದ ಮುಚ್ಚಿಗೆಯ ನಡುವೆ ಕರಣೆ ಅನ್ನುವ ಕಪ್ಪು ಪದರ ಯಾವಾಗಲೂ ಇರುತ್ತೆ. ಎಡಗಡೆ ಹಾಗಲ್ಲ. ನುಡಿಸುವ ಮೊದಲು ಸಣ್ಣ ರವೆಯನ್ನು ನೀರಲ್ಲಿ ಕಲಸಿ, ನಾದಿ, ಮುಚ್ಚಿಗೆಯ ನಡುವೆ ಮೆತ್ತುತ್ತೇವೆ. ನುಡಿಸಿ ಮುಗಿದ ಮೇಲೆ ಕೆರೆದು ತೆಗೆಯುತ್ತೇವೆ. ಎಡಗಡೆಯ ಆ ಆಳದ ಸದ್ದು ಬರುವುದೇ ರವೆಯ ತೂಕದಿಂದ. ರವೆ ಇಲ್ಲದಿದ್ದರೆ ಎಡಗಡೆ ಬರೀ ಚರ್ಮ ತಟ್ಟಿದ ಹಾಗೆ ಟಪ್ ಟಪ್ ಅನ್ನುತ್ತೆ. ಕೇಳೋಕೆ ಸಪ್ಪೆ. ಆದರೆ ಕೆಳಗಿನ ಮನೆಗೆ ಹೋಗುತ್ತಿದ್ದದ್ದು ಆ ಆಳದ ಸದ್ದೇ ಅಲ್ವಾ.

ಮನೆಗೆ ಬಂದು ಹಾಗೇ ಮಾಡಿದೆ. ಫೋಮ್ ಮಾಡದ ಕೆಲಸವನ್ನು ಒಂದು ಹಿಡಿ ರವೆಯನ್ನು ಹಾಕದೇ ಇದ್ದದ್ದು ಮಾಡಿತು.

ಮೇಷ್ಟ್ರು ಎಚ್ಚರಿಕೆಯನ್ನೂ ಕೊಟ್ಟಿದ್ದರು. ರವೆ ಇಲ್ಲದೆ ಗುಮ್ಕಿ ಬರುವುದಿಲ್ಲ. ಎಡಗೈಯ ಮಣಿಕಟ್ಟನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಬರುವ ಆ ಏರಿಳಿಯುವ ನಾದ, ಅದೇ ಎಡಗೈಯ ಜೀವ. ರವೆಯಿಲ್ಲದೆ ದಿನಾ ನುಡಿಸಿದರೆ ಎಡಗೈ ಕಿವಿ ಕಳೆದುಕೊಳ್ಳುತ್ತೆ ಅಂದರು. "ವಾರಕ್ಕೆ ಎರಡು ದಿನವಾದ್ರೂ ರವೆ ಹಾಕಿ ಪೂರ್ತಿ ನುಡಿಸ್ಬೇಕು. ಉಳಿದ ದಿನ ಬಾಯಲ್ಲಿ ಹೇಳಿ. ಬಾಯಲ್ಲಿ ಬರ್ದೇ ಇರೋದು ಕೈಯಲ್ಲಿ ಬರಲ್ಲ."

ಬಾಯಲ್ಲಿ ಹೇಳುವುದು ಅಂದರೆ ಕೊನ್ನಕ್ಕೋಲು. ಕೈಯಲ್ಲಿ ತಾಳ ಹಾಕುತ್ತಾ ತಕಿಟ, ತಕದಿಮಿ, ತಕತಕಿಟ, ತದಿಗಿಣತೊಂ ಅಂತ ಜತಿಗಳನ್ನು ಹೇಳುವುದು. ಅಷ್ಟು ದಿನ ನಾನು ಅದನ್ನು ಪಾಠಕ್ಕೆ ಮೊದಲು ಎರಡು ಸಲ ಹೇಳಿ ಮುಗಿಸುತ್ತಿದ್ದೆ. ಈಗ ನೈಟ್ ಡ್ಯೂಟಿಯ ವಾರಗಳಲ್ಲಿ ಅರ್ಧ ಸಾಧನೆ ಅದೇ ಆಯಿತು. ಪಿಸುಮಾತಿನಲ್ಲಿ ಹೇಳಿದರೂ ಆಗುತ್ತೆ. ಏಳು ಎಣಿಕೆಯ ಮಿಶ್ರಚಾಪು ತಾಳದಲ್ಲಿ ಒಂದು ಮುಕ್ತಾಯ, ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವುದು, ನನಗೆ ಎರಡು ತಿಂಗಳಿಂದ ಕೂತಿರಲಿಲ್ಲ. ಎಲ್ಲೋ ಒಂದು ಅಕ್ಷರ ಜಾರಿ ಹೋಗುತ್ತಿತ್ತು. ಬಟ್ಟೆ ಮಡಿಸುತ್ತಾ, ತರಕಾರಿ ಹೆಚ್ಚುತ್ತಾ ಅದನ್ನೇ ಬಾಯಲ್ಲಿ ಹೇಳಿಕೊಂಡೆ. ಒಂದು ದಿನ ಬೀನ್ಸ್ ನಾರು ತೆಗೆಯುತ್ತಿರುವಾಗ ಗೊತ್ತಾಯಿತು, ನಾನು ಎರಡನೇ ಸಲದ 'ತೊಂ' ಆದ ಮೇಲಿನ ಬಿಡುವನ್ನು ಎಣಿಸುತ್ತಲೇ ಇರಲಿಲ್ಲ. ಕೈಯಲ್ಲಿ ನುಡಿಸುವಾಗ ಸದ್ದಿನ ಭರದಲ್ಲಿ ಅದು ಮುಚ್ಚಿಹೋಗಿತ್ತು.

ಬೆರಳಿನ ಅಭ್ಯಾಸಕ್ಕೆ ಒಂದು ಹಲಗೆ ಮಾಡಿಕೊಂಡೆ. ಒಂದಡಿ ಉದ್ದದ ಪ್ಲೈವುಡ್ ತುಂಡು, ಮೇಲೆ ಹಳೆಯ ಮೌಸ್ ಪ್ಯಾಡ್ ಅಂಟಿಸಿದ್ದು. ತೊಡೆಯ ಮೇಲಿಟ್ಟುಕೊಂಡು ಬೆರಳು ಓಡಿಸುವುದು. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್. ನಾದ ಇಲ್ಲ, ಅಂಚಿಗೆ ಹೊಡೆಯುವ ಮೀಟು ಸರಿ ಬಿತ್ತಾ ಇಲ್ವಾ ಅಂತ ತಿಳಿಯುವುದಿಲ್ಲ. ಆದರೆ ಮೂರನೇ ಕಾಲದಲ್ಲಿ ಬೆರಳುಗಳ ನಡುವೆ ಅಂತರ ಸಮನಾಗಿದೆಯಾ ಅನ್ನುವುದು ಚೆನ್ನಾಗಿ ತಿಳಿಯುತ್ತೆ. ಮೇಷ್ಟ್ರು ಒಮ್ಮೆ ಹಿಂದಿನ ಕಾಲದ ದೊಡ್ಡ ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರ ಮಾತು ತೆಗೆದರು. ಮೈಕೇ ಬೇಡ ಅಂತ ಪಟ್ಟು ಹಿಡಿದಿದ್ದವರು ಅವರು. ಸಣ್ಣಗೆ ನುಡಿಸಿದಾಗಲೂ ಒಂದೊಂದು ಅಕ್ಷರ ಬಿಡಿಸಿ ಕೇಳಬೇಕು, ಅದು ಬಲಕ್ಕಿಂತ ಕಷ್ಟ ಅಂದರು. ಆಮೇಲೆ ನನಗೂ ಸಣ್ಣಗೆ ನುಡಿಸುವ ಪಾಠವನ್ನೇ ಬೇರೆಯಾಗಿ ಕೊಟ್ಟರು.

ಬೇರೆ ವಾದ್ಯದವರ ಕಷ್ಟ ಬೇರೆ. ನನ್ನ ಜೊತೆ ಪಾಠಕ್ಕೆ ಬರುವ ಒಬ್ಬರ ಮಗ ವಯೊಲಿನ್ ಕಲಿಯುತ್ತಾನೆ. ಅದರ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಗೆ (ಬ್ರಿಡ್ಜ್) ಸಿಕ್ಕಿಸುವ ರಬ್ಬರ್ ಮ್ಯೂಟ್ ಸಿಗುತ್ತೆ, ಹಾಕಿದರೆ ಸದ್ದು ಅರ್ಧಕ್ಕರ್ಧ ಇಳಿದ ಹಾಗನ್ನಿಸುತ್ತೆ. ವೀಣೆಯ ಸದ್ದು ಮೊದಲೇ ಸಣ್ಣದು. ಕೀಬೋರ್ಡಿಗೆ ಹೆಡ್‌ಫೋನ್ ಹಾಕಿಕೊಂಡರೆ ಸದ್ದೇ ಇಲ್ಲ ಅಂತ ನುಡಿಸುವವರು ಅಂದುಕೊಳ್ಳುತ್ತಾರೆ, ಆದರೆ ಸ್ಟ್ಯಾಂಡ್ ಮೂಲಕ ಕೀಲಿ ಬಡಿಯುವ ಟಕಟಕ ನೆಲಕ್ಕೆ ಇಳಿಯುತ್ತೆ. ಅದಕ್ಕೂ ಕೆಳಗೊಂದು ಮ್ಯಾಟು ಬೇಕು. ಯಾವ ವಾದ್ಯವೇ ಆಗಲಿ, ಕೆಳಗಿನವರ ಮನೆಗೆ ಒಂದು ಸಲ ಹೋಗಿ ಕೇಳದೆ ಏನೂ ಗೊತ್ತಾಗಲ್ಲ ಅನ್ನುವುದು ಮಾತ್ರ ನನ್ನ ಅನುಭವ.

ಇಷ್ಟಾದ ಮೇಲೆ ಉಳಿದದ್ದು ಹೊತ್ತು. ಕೆಳಗಿನ ಹುಡುಗಿ ಈಗ ಡ್ಯೂಟಿ ರೋಸ್ಟರ್ ಬಂದ ತಕ್ಷಣ ಫೋಟೋ ತೆಗೆದು ಕಳಿಸುತ್ತಾಳೆ. ನಾನು ಅದನ್ನು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತೇನೆ. ಬೆಳಗಿನ ಶಿಫ್ಟ್ ಇದ್ದರೆ ಹತ್ತೂವರೆಗೆ ರವೆ ಹಾಕಿಯೇ ನುಡಿಸುತ್ತೇನೆ. ನೈಟ್ ಇದ್ದರೆ ಬೆಳಿಗ್ಗೆ ಹಲಗೆ, ಕೊನ್ನಕ್ಕೋಲು. ಅವಳು ಸಂಜೆ ಏಳಕ್ಕೆ ಮನೆ ಬಿಡುತ್ತಾಳೆ, ಏಳೂಕಾಲರಿಂದ ಎಂಟರ ತನಕ ರವೆ ಹಾಕಿ ಪೂರ್ತಿ ಸಾಧನೆ. ಎಂಟು ಅಂದರೆ ಎಂಟೇ. ಪಾಠ ಮಧ್ಯದಲ್ಲಿದ್ದರೂ ನಿಲ್ಲಿಸುತ್ತೇನೆ. ಇಂತಿಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಗೊತ್ತಿದ್ದರೆ ಕೇಳುವವರಿಗೆ ಅರ್ಧ ಭಾರ ಇಳಿಯುತ್ತೆ. ಇದನ್ನು ಅವಳ ತಾಯಿಯೇ ಹೇಳಿದರು. ಅವರು ಮನೆಯಲ್ಲೇ ಇರುತ್ತಾರಲ್ಲ, ಯಾವ ಶಿಫ್ಟ್ ಆದರೂ ಅವರಿಗೆ ಕೇಳಿಯೇ ಕೇಳುತ್ತೆ. ಅವರಿಗಾಗಿ ಮಧ್ಯಾಹ್ನ ಊಟದ ಮೇಲೆ ಏನೂ ಇಟ್ಟುಕೊಂಡಿಲ್ಲ.

ಗ್ರೂಪಿನಲ್ಲಿಯೂ ಒಂದು ಮೆಸೇಜು ಹಾಕಿದೆ. ಹಿಂದಿನ ಸಲ ನಿಯಮ ಬರೆದಿದ್ದಕ್ಕೆ ಕ್ಷಮಿಸಿ, ನಾನು ನುಡಿಸುವ ಹೊತ್ತು ಇದು, ಯಾರ ಮನೆಯಲ್ಲಾದರೂ ಹುಷಾರಿಲ್ಲದಿದ್ದರೆ, ಪರೀಕ್ಷೆ ಇದ್ದರೆ ನನಗೊಂದು ಮಾತು ಹೇಳಿ ಅಂತ. ಅಷ್ಟು ದಿನ ಸುಮ್ನಿದ್ದವರು ಆಗ ಮಾತಾಡಿದರು. ಎದುರು ಮನೆಯವರು, ನಮ್ಮ ಹುಡುಗ ಈ ವರ್ಷ ಎಸ್ಸೆಸ್ಸೆಲ್ಸಿ ಅಂದರು. ಪಕ್ಕದ ಮನೆಯ ತಾತ, ಎಂಟೂವರೆಗೆ ಮಲಗ್ತೀನಮ್ಮ ಅಂದರು. ಅವರೆಲ್ಲರಿಗೂ ಮೊದಲಿಂದಲೂ ಕೇಳುತ್ತಿತ್ತು. ಹೇಳಲು ಒಂದು ದಾರಿ ಇರಲಿಲ್ಲ ಅಷ್ಟೇ.

ಕಷ್ಟವೇ ಇಲ್ಲ ಅಂತ ಹೇಳಲಾರೆ. ಒಂದು ತಿಂಗಳು ಅವಳಿಗೆ ಹದಿನೈದು ದಿನ ನೈಟ್ ಬಂತು, ಅದೇ ಹೊತ್ತಿಗೆ ನಮ್ಮ ಮನೆಗೆ ನೆಂಟರು ಬಂದರು. ಪೂರ್ತಿ ಸಾಧನೆ ಎರಡು ವಾರ ನಿಂತುಹೋಯಿತು. ಭಾನುವಾರ ಪಾಠದಲ್ಲಿ ಎಡಗೈ ಮಾತು ಕೇಳಲಿಲ್ಲ. ಗುಮ್ಕಿ ಹಾಕಲು ಹೋದರೆ ಮಣಿಕಟ್ಟು ಮರದ ತುಂಡಿನ ಹಾಗೆ ಬಿಗಿದುಕೊಂಡಿತ್ತು. ಮೇಷ್ಟ್ರು ಏನೂ ಅನ್ನಲಿಲ್ಲ, ಇನ್ನೊಂದು ಅರ್ಧ ಗಂಟೆ ಕೂರಿಸಿಕೊಂಡರು. ಆ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ಬಂತು. ಮೊದಲೇ ತಡವಾಗಿ ಶುರು ಮಾಡಿದವಳು ನಾನು. ನನಗೆ ಒಂದೊಂದು ದಿನವೂ ಬೇಕು. ಆದರೆ ರಾತ್ರಿಯೆಲ್ಲ ಬೇರೆಯವರ ಕಾಯಿಲೆ ನೋಡಿಕೊಂಡು ಬಂದ ಆ ಹುಡುಗಿಗೆ ನಿದ್ದೆಯೂ ಬೇಕು. ಇದರಲ್ಲಿ ಯಾವುದು ಹೆಚ್ಚು ಅಂತ ತೂಗಲು ನನಗೆ ಮನಸ್ಸಿಲ್ಲ.

ಮುಂದಿನ ವರ್ಷ ಮೃದಂಗದ ಜೂನಿಯರ್ ಪರೀಕ್ಷೆಗೆ ಕಟ್ಟಿ ಅಂತ ಮೇಷ್ಟ್ರು ಹೇಳಿದ್ದಾರೆ. ತಾಳ ಹಾಕಿಕೊಂಡು ಹೇಳುವ ಭಾಗದ ಬಗ್ಗೆ ನನಗೆ ಹೆದರಿಕೆ ಇಲ್ಲ. ಎಡಗೈಯದೇ ಯೋಚನೆ.

ನಿನ್ನೆ ರಾತ್ರಿ ಕೆಳಗಿನಿಂದ ಮೆಸೇಜು ಬಂತು. "ಅಕ್ಕಾ, ನಾಳೆಯಿಂದ ಮೂರು ದಿನ ರಜ. ಅಮ್ಮನೂ ನಾನೂ ಊರಿಗೆ ಹೊರಟ್ವಿ." ಇವತ್ತು ಬೆಳಿಗ್ಗೆ ಅವರು ಬ್ಯಾಗ್ ಹಿಡಿದು ಮೆಟ್ಟಿಲಿಳಿಯುವುದನ್ನು ನೋಡಿ, ಬಟ್ಟಲಿಗೆ ಎರಡು ಚಮಚ ಜಾಸ್ತಿಯೇ ರವೆ ಹಾಕಿ ನೀರು ಚಿಮುಕಿಸಿದೆ. ಎದುರು ಮನೆ ಹುಡುಗ ಹನ್ನೊಂದಕ್ಕೆ ಟ್ಯೂಷನ್‌ಗೆ ಹೋಗುತ್ತಾನೆ, ಒಂದಕ್ಕೆ ಬರುತ್ತಾನೆ. ರವೆ ನೆನೆಯುತ್ತಿದೆ. ಹನ್ನೊಂದಾಗಲು ಇನ್ನು ಹತ್ತು ನಿಮಿಷ.